ಯಂತ್ರದ ನಾಲಿಗೆಯನ್ನು ಏನು ಕೇಳಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಬೋರು ಕೊರೆಸುವಾಗ ನೀರು ಚಿಮ್ಮಿತು ಅಂದರೆ ಸುತ್ತ ನಿಂತವರಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ನೀರು ಕೊಂಚ ತಿಳಿಯಾದ ಕೂಡಲೆ ಯಜಮಾನರು ಬೊಗಸೆಯೊಡ್ಡಿ ಒಂದು ಗುಟುಕು ಕುಡಿದು ನೋಡುತ್ತಾರೆ. "ಸಿಹಿನೀರು ಕಣಪ್ಪ, ಸಕ್ಕರೆ ಇದ್ದಂಗೈತೆ!" ಎಂದರೆ ಎಲ್ಲರಿಗೂ ಸಂತೋಷ. ಮನೆಯಲ್ಲಿ ಹೆಣ್ಣುಮಕ್ಕಳು ಇನ್ನೊಂದು ಪರೀಕ್ಷೆ ಮಾಡುತ್ತಾರೆ: ಆ ನೀರಿನಲ್ಲಿ ಬೇಳೆ ಬೇಯುತ್ತದೆಯೆ, ಇಲ್ಲವೆ?

ಈ ಎರಡು ಪರೀಕ್ಷೆಗಳೂ ಸುಳ್ಳಲ್ಲ. ಉಪ್ಪನ್ನು ನಾಲಿಗೆ ಹಿಡಿಯುತ್ತದೆ. ನೀರಿನ ಗಡಸುತನವನ್ನು ಬೇಳೆ ಹಿಡಿಯುತ್ತದೆ. ಆದರೆ ನಮ್ಮ ಸೀಮೆಯ ನೀರಿನಲ್ಲಿ ಈ ಎರಡಕ್ಕೂ ಸಿಕ್ಕದೆ ನುಸುಳಿಕೊಳ್ಳುವ ವಸ್ತು ಒಂದುಂಟು. ಅದೇ ಫ್ಲೋರೈಡು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಕುಡಿಯುವ ನೀರಿನಲ್ಲಿರುವ ಪ್ರಮಾಣದಲ್ಲಿ ರುಚಿಯೂ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದಿಲ್ಲವೆ? ಹಾಗೆಯೇ ಸಿಹಿಯಾಗಿರುವುದೆಲ್ಲ ಕುಡಿಯುವ ನೀರಲ್ಲ.

ಇದು ಎಲ್ಲಿಂದ ಬಂತು? ನಮ್ಮ ನೆಲದಡಿಯ ಕಲ್ಲಿನಿಂದಲೇ ಬಂತು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಸುಣ್ಣದ ಅಂಶ ಹೆಚ್ಚಿರುವ ನೀರಿನಲ್ಲಿ ಅದು ಅಷ್ಟಾಗಿ ಕರಗಿ ಉಳಿಯುವುದಿಲ್ಲ; ಸುಣ್ಣ ಕಡಿಮೆ ಇರುವ ಮೆತ್ತನೆಯ ನೀರಿನಲ್ಲಿ ಹೆಚ್ಚು ಉಳಿಯುತ್ತದೆ. ಹಾಗಾಗಿ ಬೇಳೆ ಚೆನ್ನಾಗಿ ಬೇಯುವ ನೀರೇ ಕೆಲವು ಕಡೆ ಮಕ್ಕಳ ಹಲ್ಲು ಕೆಡಿಸುವ ನೀರಾಗಿರುವುದುಂಟು.

ನಾಲಿಗೆಗೆ ಸಿಕ್ಕದ್ದನ್ನು ಹಿಡಿಯುವುದು ಹೇಗೆ? ಈಗ ಮನುಷ್ಯನ ಇಂದ್ರಿಯಗಳ ಕೆಲಸ ಮಾಡುವ ಸಣ್ಣ ಸಣ್ಣ ಯಂತ್ರಗಳು ಬಂದಿವೆ. ಇವಕ್ಕೆ ಸೆನ್ಸರ್ ಎನ್ನುತ್ತಾರೆ. ಕತ್ತಲಾದೊಡನೆ ತಾನೇ ಹೊತ್ತಿಕೊಳ್ಳುವ ಬೀದಿದೀಪಕ್ಕೆ ಒಂದು ಕಣ್ಣುಂಟು. ಡೇರಿಯಲ್ಲಿ ಹಾಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಭಾರ ಅರಿಯುವ ಕೈಯಿದ್ದಂತೆ: ಭಾರ ಬಿದ್ದಾಗ ಒಳಗಿನ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಬಾಗನ್ನು ಕರೆಂಟಿನ ಲೆಕ್ಕಕ್ಕೆ ತಿರುಗಿಸಿ ಚಿಪ್ ಅಂಕಿಯಾಗಿ ತೋರಿಸುತ್ತದೆ. ಇದೇ ರೀತಿ ನಾಲಿಗೆಯ ಕೆಲಸ ಮಾಡುವ ಯಂತ್ರಗಳೂ ಇವೆ.

ಅವುಗಳಲ್ಲಿ ಒಂದನ್ನು ನೀವು ನೋಡಿಯೇ ಇರುತ್ತೀರಿ. ಫಿಲ್ಟರು ಮಾರುವವನು ಬಂದು ಪೆನ್ನಿನಂಥದೊಂದನ್ನು ಲೋಟದಲ್ಲಿ ಅದ್ದುತ್ತಾನೆ. "ನೋಡಿ ಅಮ್ಮಾ, ನಿಮ್ಮ ನೀರು ಬರೀ 450. ಏನೂ ತೊಂದ್ರೆ ಇಲ್ಲ" ಅನ್ನುತ್ತಾನೆ. ಅದು ಟಿ.ಡಿ.ಎಸ್. ಮೀಟರು. ಅದರ ತುದಿಯಲ್ಲಿ ಎರಡು ಲೋಹದ ಕಡ್ಡಿಗಳಿರುತ್ತವೆ. ಲವಣ ಹೆಚ್ಚಿದ್ದಷ್ಟೂ ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಅದನ್ನು ಅಳೆದು, ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಇರಬಹುದೆಂದು ಅದು ಅಂದಾಜು ಹೇಳುತ್ತದೆ. ಆದರೆ ಯಾವ ಲವಣ? ಅದು ಅದಕ್ಕೆ ತಿಳಿಯದು. ಸಂತೆಯಲ್ಲಿ ಎಷ್ಟು ಜನ ಸೇರಿದ್ದಾರೆಂದು ಎಣಿಸುವವನಿಗೆ ಅವರಲ್ಲಿ ಜೇಬುಗಳ್ಳ ಯಾರೆಂದು ಗೊತ್ತಾದೀತೆ? ಆ 450ರಲ್ಲಿ 3 ಮಿಲಿಗ್ರಾಂ ಫ್ಲೋರೈಡಿದ್ದರೂ ಮೀಟರು ಒಂದೇ ಮಾತು ಹೇಳುತ್ತದೆ, ಇಲ್ಲದಿದ್ದರೂ ಒಂದೇ ಮಾತು. ಆದರೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡು 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಮಾತ್ರ. 3 ಎಂದರೆ ಅದರ ಎರಡರಷ್ಟಾಯಿತು.

ಹಾಗಾದರೆ ಫ್ಲೋರೈಡನ್ನೇ ಗುರುತಿಸುವ ನಾಲಿಗೆ ಇಲ್ಲವೆ? ಇದೆ. 1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ಒಂದು ಕೊಳವೆಯ ತುದಿಗೆ ಲ್ಯಾಂಥನಂ ಫ್ಲೋರೈಡಿನ ಪುಟ್ಟ ಹರಳನ್ನು ಕೂರಿಸಿರುತ್ತಾರೆ. ಆ ಹರಳಿನೊಳಗೆ ಓಡಾಡಲು ಫ್ಲೋರೈಡಿನ ಕಣಗಳಿಗೆ ಮಾತ್ರ ದಾರಿ. ನೀರಿನಲ್ಲಿ ಅದ್ದಿದಾಗ ಅಲ್ಲಿರುವ ಫ್ಲೋರೈಡಿಗೆ ತಕ್ಕಂತೆ ಬಲು ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ. ಮೀಟರು ಅದನ್ನು ಓದುತ್ತದೆ. ಆದರೆ ಇದನ್ನೂ ಸುಮ್ಮನೆ ನಂಬುವಂತಿಲ್ಲ. ಎಷ್ಟು ಫ್ಲೋರೈಡಿದೆಯೆಂದು ಮೊದಲೇ ಗೊತ್ತಿರುವ ನೀರಿನಲ್ಲಿ ಅದ್ದಿ ತಾಳೆ ನೋಡಿದ ಮೇಲೆಯೇ ನಮ್ಮ ನೀರಿಗೆ ಅದ್ದಬೇಕು. ತಕ್ಕಡಿಗೆ ಬಟ್ಟು ಇಟ್ಟು ನೋಡುವುದಿಲ್ಲವೆ, ಹಾಗೆ. ಇದು ಪ್ರಯೋಗಶಾಲೆಯ ಕೆಲಸ. ಹಳ್ಳಿಯಲ್ಲಿ ಪರೀಕ್ಷಿಸುವುದಕ್ಕೆ ಔಷಧಿ ಬೆರೆಸಿ ಬಣ್ಣ ನೋಡುವ ಕಿಟ್ ಉಂಟು. ಬಣ್ಣವನ್ನು ಅಚ್ಚು ಹಾಕಿದ ಪಟ್ಟಿಯೊಂದಿಗೆ ಹೋಲಿಸಿ ಸುಮಾರು ಎಷ್ಟಿದೆಯೆಂದು ತಿಳಿಯಬಹುದು.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತು? ಹಾಲುಹಲ್ಲು ಬಿದ್ದು ಬರುವ ಹಲ್ಲುಗಳು ಮಗುವಿಗೆ ಸುಮಾರು 8 ವರ್ಷವಾಗುವವರೆಗೆ ಒಸಡಿನೊಳಗೇ ರೂಪುಗೊಳ್ಳುತ್ತಿರುತ್ತವೆ. ಆಗ ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದು ಗೆರೆ ಬೀಳುತ್ತವೆ. ತಿಕ್ಕಿದರೆ ಹೋಗುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಬಹಳ ವರ್ಷ ಕುಡಿದವರಿಗೆ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ; ಬಗ್ಗಿ ಕಳೆ ಕೀಳುವುದೂ ಕಷ್ಟವಾಗುತ್ತದೆ. 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ಕಾಯಿಲೆಯನ್ನು ವೈದ್ಯರು ಗುರುತಿಸಿ ವರದಿ ಮಾಡಿದರು. ದನಕರುಗಳಿಗೂ ಇದು ತಪ್ಪಿದ್ದಲ್ಲ. ಅವುಗಳ ಹಲ್ಲು ಸವೆಯುತ್ತದೆ, ಕಾಲು ಕುಂಟಾಗುತ್ತದೆ.

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಮನೆಯಲ್ಲಿ ಯಾರಾದರೂ ಬರೆದುಕೊಳ್ಳಿ.

ಒಂದು: ಕುಡಿಯುವ ನೀರು ಬೋರಿನದಾದರೆ ಫ್ಲೋರೈಡು ಪರೀಕ್ಷೆ ಮಾಡಿಸಿ. ನಾಲ್ಕಾರು ಸಲ ಅದೇ ನೀರಿನಿಂದ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡಿದು ಗ್ರಾಮ ಪಂಚಾಯತಿಯಲ್ಲಿ ಕೇಳಿ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ 5 ಮಂದಿ ಹೆಣ್ಣುಮಕ್ಕಳಿಗೆ ಕಿಟ್ಟಿನ ಪರೀಕ್ಷೆ ಕಲಿಸಬೇಕೆಂದಿದೆ. ನಿಮ್ಮೂರಿನಲ್ಲಿ ಅವರು ಯಾರೆಂದು ವಿಚಾರಿಸಿ.

ಎರಡು: ಬೋರನ್ನು ಇನ್ನೂ ಆಳಕ್ಕೆ ಕೊರೆಸಿದರೆ ಹೊಸದಾಗಿ ಪರೀಕ್ಷೆ ಆಗಲೇಬೇಕು. ಹಳೆಯ ಚೀಟಿ ಹೊಸ ನೀರಿಗೆ ಸಲ್ಲದು.

ಮೂರು: ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಸರಿಯಾಗಿ ನಡೆಯುವ ಶುದ್ಧ ನೀರಿನ ಘಟಕದ ಆರ್.ಓ. ಫಿಲ್ಟರು ಅದರ ಬಹುಪಾಲನ್ನು ತೆಗೆಯುತ್ತದೆ. ಇಲ್ಲಿ ಟಿ.ಡಿ.ಎಸ್. ಮೀಟರಿಗೂ ಒಂದು ಕೆಲಸವುಂಟು. ಒಳಗೆ ಹೋಗುವ ನೀರು 900 ಇದ್ದು, ಹೊರಗೆ ಬರುವುದು 60 ಇದ್ದರೆ ಫಿಲ್ಟರಿನ ಪೊರೆ ಕೆಲಸ ಮಾಡುತ್ತಿದೆ ಎಂದರ್ಥ. 60 ಇದ್ದದ್ದು ತಿಂಗಳು ತಿಂಗಳಿಗೂ ಏರುತ್ತ ಹೋದರೆ ಪೊರೆ ಸೋತಿದೆ, ಬದಲಾಯಿಸಲು ಹೇಳಿ.

ನಾಲ್ಕು: ಫಿಲ್ಟರು ಬೇರ್ಪಡಿಸಿ ಹೊರಬಿಡುವ ನೀರಿನಲ್ಲಿ ಫ್ಲೋರೈಡು ಮತ್ತಷ್ಟು ಸೇರಿರುತ್ತದೆ. ಅದನ್ನು ದನಗಳ ತೊಟ್ಟಿಗೆ ಬಿಡಬೇಡಿ.

ಐದು: ಶುಚಿಯಾದ ಮಾಳಿಗೆಯಿಂದ ಹಿಡಿದ ಮಳೆನೀರಿನಲ್ಲಿ ಫ್ಲೋರೈಡಿನ ಭಯ ತೀರ ಕಡಿಮೆ. ಮೊದಲ ಮಳೆ ಬಿಟ್ಟು, ಸೋಸಿ, ಮುಚ್ಚಿಟ್ಟು, ಕುದಿಸಿ ಆರಿಸಿ ಕುಡಿಯಬಹುದು. ಮಕ್ಕಳಿಗೆ ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ತಪ್ಪಿಸಬೇಡಿ. ಸುಣ್ಣದ ಅಂಶವುಳ್ಳ ಆಹಾರ ಅವರ ಮೈಗೆ ಬೆಂಬಲ.

ಬಾಂಧವರೆ, ಯಂತ್ರ ಸುಳ್ಳು ಹೇಳುವುದಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಲವಣ ಎಷ್ಟು ಎಂದು ಕೇಳಿ, ಫ್ಲೋರೈಡಿಲ್ಲ ಎಂದು ತಿಳಿದುಕೊಂಡರೆ ತಪ್ಪು ಅದರದಲ್ಲ. ಮುಂದೆ ಯಾರಾದರೂ ಬಂದು ಲೋಟದಲ್ಲಿ ಮೀಟರು ಅದ್ದಿದರೆ, "ಸ್ವಾಮಿ, ಇದು ಏನನ್ನು ಅಳೆಯುತ್ತೆ? ಫ್ಲೋರೈಡು ತೋರಿಸುತ್ತಾ?" ಎಂದು ಕೇಳಿ. ಅಷ್ಟು ಕೇಳಿದರೆ ಸಾಕು, ಅರ್ಧ ಕೆಲಸ ಆದ ಹಾಗೆಯೇ. ಉಳಿದರ್ಧ, ಒಂದು ಬಾಟಲಿ ನೀರು ಹಿಡಿದುಕೊಂಡು ಪಂಚಾಯತಿಯ ತನಕ ನಡೆದು ಹೋಗುವುದು.