ಹಾಡೇ ಆರೋಪಿನಾ?

2001ರ ಸೆಪ್ಟೆಂಬರ್ 11. ನ್ಯೂಜೆರ್ಸಿಯ ಜೆರಾರ್ಡ್ ವೇ ಅವಳಿ ಗೋಪುರ ಕುಸಿಯೋದನ್ನ ಕಣ್ಣಾರೆ ಕಂಡ. ಆಗ ವಯಸ್ಸು 24. ಕಾರ್ಟೂನ್ ಕೆಲಸ ಬಿಟ್ಟು 'ಮೈ ಕೆಮಿಕಲ್ ರೊಮ್ಯಾನ್ಸ್' ಬ್ಯಾಂಡ್ ಕಟ್ಟಿದ. ತಮ್ಮ ಮೈಕಿ ಬೇಸ್ ಗಿಟಾರ್ ಹಿಡಿದ. ಮನಸ್ಸಿನ ನೋವನ್ನ ಬಚ್ಚಿಡದೆ ಹಾಡೋ ಈ ರಾಕ್‌ಗೆ ಜನ 'ಇಮೋ' ಅಂದರು.

ಹೆಸರು ಬಂತು. ಜೊತೆಗೆ ಕುಡಿತ, ಮಾತ್ರೆಗಳ ಚಟವೂ ಬಂತು. 2004ರಲ್ಲಿ ಜೆರಾರ್ಡ್ ಅದನ್ನೆಲ್ಲ ಬಿಟ್ಟ. 'ದಿ ಬ್ಲ್ಯಾಕ್ ಪರೇಡ್' ರೆಕಾರ್ಡಿಂಗ್ ನಡುವೆಯೇ ಮೈಕಿ ಖಿನ್ನತೆಯಿಂದಾಗಿ ಹೊರನಡೆದ. ಬ್ಯಾಂಡ್ ಅವನನ್ನ ಕೈಬಿಡಲಿಲ್ಲ. 2006ರಲ್ಲಿ ಆಲ್ಬಂ ಬಂತು. ಮೈಕಿಯೂ ವಾಪಸ್ ಬಂದ.

2008ರಲ್ಲಿ ಬ್ರಿಟನ್ನಿನ 'ಡೈಲಿ ಮೇಲ್' ಪತ್ರಿಕೆ ಬಾಲಕಿಯೊಬ್ಬಳ ಸಾವನ್ನ ಇದೇ ಸಂಗೀತಕ್ಕೆ ತಳುಕು ಹಾಕ್ತು. ಅಭಿಮಾನಿಗಳು ಲಂಡನ್‌ನಲ್ಲಿ ಬೀದಿಗಿಳಿದರು. ಈ ಹಾಡುಗಳೇ ನಮ್ಮನ್ನ ಉಳಿಸಿದ್ದು ಅಂದರು.

ನೋಡಿ, ಮಾಧ್ಯಮಕ್ಕೊಬ್ಬ ಆರೋಪಿ ಬೇಕು. ಹಾಡು ಸಿಕ್ತು, ಕೇಸ್ ಕ್ಲೋಸ್! ಆದ್ರೆ ಆ ಹಾಡು ಮಗುವಿಗೆ ಯಾಕೆ ಬೇಕಾಯ್ತು ಅಂತ ವಿಚಾರಿಸೋರು ಯಾರು? ಇಯರ್‌ಫೋನ್ ಕಿತ್ತುಕೊಳ್ಳೋ ಮೊದಲು ಪಕ್ಕದಲ್ಲಿ ಕೂತು ನೀವೂ ಒಂದು ಹಾಡು ಕೇಳಿ. ಮಾತು ಅಲ್ಲಿಂದ ಶುರುವಾಗಲಿ. ನಿಮ್ಮ ಕೈಮೀರಿದೆ ಅನ್ನಿಸಿದ್ರೆ ಸರ್ಕಾರದ 'ಟೆಲಿ ಮಾನಸ್' ಇದೆ. 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.