ಸಿಡಿಲು, ಕುರಿಹಟ್ಟಿ ಮತ್ತು ಕುದುರೆ

(ಭೀಮರಾಯನಗುಡಿಯಲ್ಲಿ ಗ್ರಾಮ ಪಂಚಾಯಿತಿ ಪ್ರತಿನಿಧಿಗಳು, ಪಶುಸಖಿಯರು ಹಾಗೂ ಕುರಿಗಾಹಿಗಳ ಸಭೆಯಲ್ಲಿ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಸಿಡಿಲಿನಿಂದ ಜಾನುವಾರುಗಳ ರಕ್ಷಣೆ ಎಂಬ ವಿಷಯವನ್ನು ನನಗೆ ವಹಿಸಲಾಗಿದೆ. ಜಾನುವಾರು ಎಂದೊಡನೆ ಆಕಳು, ಎಮ್ಮೆ, ಎತ್ತುಗಳೇ ನಮ್ಮ ಕಣ್ಣ ಮುಂದೆ ಬರುತ್ತವೆ. ನಾನು ಇಂದು ಕುದುರೆಯಿಂದ ಆರಂಭಿಸಲು ಇಚ್ಛಿಸುತ್ತೇನೆ. ಸುರಪುರ ಸಂಸ್ಥಾನದ ಕಾಲದಲ್ಲಿ ಅರಸರ ಲಾಯದಲ್ಲಿದ್ದ ಕುದುರೆ ಇಂದು ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣಸಿಗುವುದು ಊರಿಂದೂರಿಗೆ ಸಾಗುವ ಕುರಿಹಿಂಡಿನ ಜೊತೆಯಲ್ಲಿ. ಗುಡಾರದ ಬಟ್ಟೆ, ಅಡುಗೆಯ ಪಾತ್ರೆ, ಜೋಳದ ಚೀಲ, ಹಾದಿಯಲ್ಲಿಯೇ ಹುಟ್ಟಿದ ಮರಿಗಳು, ಕೆಲವೊಮ್ಮೆ ನಡೆಯಲಾರದ ಕೂಸು ಸಹ ಅದರ ಬೆನ್ನ ಮೇಲೆಯೇ ಸಾಗಬೇಕು. ಮೈಲಾಪುರದ ಮಲ್ಲಯ್ಯನನ್ನು ಕುದುರೆಯೇರಿದ ದೇವರೆಂದು ಪೂಜಿಸುವ ಜನಕ್ಕೆ ಅದು ಕೇವಲ ಹೇರು ಹೊರುವ ಪ್ರಾಣಿಯಲ್ಲ. ಆದರೂ ನಾವು ಹಂಚುವ ಸುರಕ್ಷತಾ ಕರಪತ್ರಗಳಲ್ಲಿ ಕುದುರೆಯ ಹೆಸರು ಕಾಣುವುದು ಅಪರೂಪ. ಬಯಲಿನಲ್ಲಿ ಮಲಗುವ ಕುಟುಂಬದ ಪ್ರಸ್ತಾಪವಂತೂ ಇನ್ನೂ ಅಪರೂಪ. "ಮನೆಯೊಳಗೆ ಹೋಗಿ" ಎಂದು ಬರೆಯುತ್ತೇವೆ. ಮನೆಯೇ ಕುದುರೆಯ ಬೆನ್ನ ಮೇಲಿರುವವನು ಎಲ್ಲಿಗೆ ಹೋಗಬೇಕು?

ಕೆಲವು ವರ್ಷಗಳ ಹಿಂದೆ, ಭರಣಿ ಮಳೆಯ ದಿನಗಳಲ್ಲಿ, ಮರಣೋತ್ತರ ಪರೀಕ್ಷೆಗೆಂದು ಒಂದು ಹೊಲಕ್ಕೆ ಹೋಗಿದ್ದೆ. ಸುತ್ತಲೂ ಎರೆ ಭೂಮಿ. ನಡುವೆ ಒಂದೇ ಒಂದು ಹುಣಸೆ ಮರ. ಹಿಂದಿನ ದಿನ ಸಂಜೆ ಗಾಳಿ ಎದ್ದಾಗ ಕುರಿಗಳು ತಾವಾಗಿಯೇ ಮರದಡಿ ಒತ್ತೊತ್ತಾಗಿ ಸೇರಿದ್ದವು. ಕುದುರೆ ಬೆದರಿ ಓಡೀತೆಂದು ಅದನ್ನು ಬೊಡ್ಡೆಗೆ ಬಿಗಿದಿದ್ದರು. ಸಿಡಿಲಿನ ಒಂದೇ ಹೊಡೆತಕ್ಕೆ ಕುದುರೆಯೂ ಇಪ್ಪತ್ತಕ್ಕೂ ಹೆಚ್ಚು ಕುರಿಗಳೂ ಸತ್ತಿದ್ದವು. ಮರದ ತೊಗಟೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಪ್ರಾಣಿಗಳ ಮೈಮೇಲೆ ಮಾತ್ರ ಹೇಳಿಕೊಳ್ಳುವಂತಹ ಗಾಯವಿರಲಿಲ್ಲ, ಕೆಲವು ಕುರಿಗಳ ಬಾಯಲ್ಲಿ ಹುಲ್ಲು ಹಾಗೆಯೇ ಇತ್ತು. ಹಿಂಡಿನ ಒಡೆಯನ ಮಗ, ಹದಿನಾಲ್ಕು ವರ್ಷದ ಹುಡುಗ, ತಪ್ಪಿಸಿಕೊಂಡ ಒಂದು ಮೇಕೆಯನ್ನು ತರಲು ನೂರು ಹೆಜ್ಜೆ ಆಚೆ ಹೋಗಿದ್ದರಿಂದ ಬದುಕಿದ್ದ. ಆತ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಕುದುರಿ ಕಟ್ಟಿದ್ದು ನಾನ. ಬಿಟ್ಟಿದ್ರ ಉಳೀತಿತ್ತೇನ್ರಿ?"

ಅಂದು ನಾನು ಸಮಾಧಾನದ ಮಾತು ಹೇಳಿ ಬಂದೆ. ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ. ಬಿಟ್ಟಿದ್ದರೆ ಉಳಿಯುವ ಸಾಧ್ಯತೆ ಇತ್ತು. ಮರದಿಂದ ದೂರ ಕಟ್ಟಿದ್ದರೆ ಸಾಧ್ಯತೆ ಇನ್ನೂ ಹೆಚ್ಚಿರುತ್ತಿತ್ತು.

ಇದಕ್ಕೆ ಕಾರಣ ಸರಳ. ಸಿಡಿಲು ಮರಕ್ಕೆ ಬಡಿದಾಗ ಅದರ ವಿದ್ಯುತ್ತು ಬೊಡ್ಡೆಯಲ್ಲಿಯೇ ಮುಗಿಯುವುದಿಲ್ಲ. ಒಂದಷ್ಟು ಪಕ್ಕದಲ್ಲಿರುವ ಪ್ರಾಣಿಯ ಮೈಗೆ ನೆಗೆಯುತ್ತದೆ. ಉಳಿದದ್ದು ಬೇರಿನ ಬುಡದಿಂದ ನೆಲದಲ್ಲಿ ಸುತ್ತಲೂ ಹರಡುತ್ತದೆ. ಹರಡುವಾಗ ಮರದ ಹತ್ತಿರದ ನೆಲಕ್ಕೂ ದೂರದ ನೆಲಕ್ಕೂ ವೋಲ್ಟೇಜಿನ ಅಂತರ ಉಂಟಾಗುತ್ತದೆ. ಮನುಷ್ಯನ ಎರಡು ಪಾದಗಳ ನಡುವಿನ ಅಂತರ ಸಣ್ಣದು. ಕುದುರೆ, ಎತ್ತುಗಳ ಮುಂಗಾಲಿಗೂ ಹಿಂಗಾಲಿಗೂ ನಡುವಿನ ಅಂತರ ದೊಡ್ಡದು. ವಿದ್ಯುತ್ತು ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುವ ದಾರಿಯಲ್ಲಿ ಹೃದಯವೇ ಇದೆ. ಆದ್ದರಿಂದಲೇ ಒಂದೇ ಹೊಡೆತಕ್ಕೆ ಇಡೀ ಹಿಂಡು ಉರುಳುತ್ತದೆ. 2016ರ ಆಗಸ್ಟ್ ತಿಂಗಳಲ್ಲಿ ನಾರ್ವೆ ದೇಶದ ಹಾರ್ಡಂಗರ್‌ವಿಡಾ ಎಂಬ ಬಯಲು ಪ್ರಸ್ಥಭೂಮಿಯಲ್ಲಿ 323 ಹಿಮಸಾರಂಗಗಳು ಒಟ್ಟಾಗಿ ಸತ್ತು ಬಿದ್ದಿದ್ದವು. ಗುಡುಗಿಗೆ ಹೆದರಿ ಅವು ಒತ್ತೊತ್ತಾಗಿ ನಿಂತಿದ್ದವು ಎಂಬುದೇ ಅದಕ್ಕೆ ನೀಡಲಾದ ವಿವರಣೆ. ಹುಣಸೆ ಮರದಡಿಯ ನಮ್ಮ ಕುರಿಗಳೂ ಮಾಡಿದ್ದು ಅದನ್ನೇ.

ಇನ್ನು ನಮ್ಮ ನೆಲದ ವಿಷಯ. ನಮ್ಮಲ್ಲಿ ಗುಡುಗು ಮಿಂಚು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಶ್ವಿನಿಯಿಂದ ರೋಹಿಣಿಯವರೆಗಿನ ಮುಂಗಾರು ಪೂರ್ವ ಮಳೆಗಳಲ್ಲಿ. ಮತ್ತೆ ಹಸ್ತ, ಚಿತ್ತಾ ಮಳೆಗಳಲ್ಲಿ. ಮೊದಲಿನ ಅವಧಿಯಲ್ಲಿ ಹೊಲಗಳು ಬರಿದಾಗಿರುತ್ತವೆ; ಗೊಬ್ಬರಕ್ಕಾಗಿ ಕುರಿ ತರುಬಿಸಿಕೊಳ್ಳಲು ರೈತರು ಹಿಂಡುಗಳನ್ನು ಕರೆಯುವ ಕಾಲವೂ ಅದೇ. ಬರಿದಾದ ಬಯಲಿನಲ್ಲಿ ಎತ್ತರದ ವಸ್ತುವೆಂದರೆ ಒಂಟಿ ಮರ, ಕಾಲುವೆಯ ಏರಿ ಮತ್ತು ನಿಂತ ಮನುಷ್ಯ. ನೀರಾವರಿ ಪ್ರದೇಶದಲ್ಲಿ ಕೆಸರಿಗೆ ಅಂಜಿ ಹಿಂಡನ್ನು ಎಡದಂಡೆ ಕಾಲುವೆಯ ಏರಿಯ ಮೇಲೆ ಹತ್ತಿಸುವುದನ್ನು ನಾನು ಕಂಡಿದ್ದೇನೆ. ಸುತ್ತಲಿನ ನೆಲಕ್ಕಿಂತ ಎತ್ತರವಾದ ಆ ಜಾಗವು ಮಳೆಗೆ ಅನುಕೂಲವಾದರೂ ಸಿಡಿಲಿಗೆ ಅತ್ಯಂತ ಅಪಾಯಕಾರಿ. ಶಹಾಪುರದ ಬೆಟ್ಟದ ಸೆರಗಿನಲ್ಲಿ ಬಂಡೆಯ ಮೇಲಿನ ತೆಳು ಮಣ್ಣು ವಿದ್ಯುತ್ತನ್ನು ಬೇಗ ಆಳಕ್ಕೆ ಇಳಿಸದು. ಅಲ್ಲಿ ಅದು ಮೇಲ್ಮೈಯಲ್ಲಿಯೇ ದೂರ ಹರಿಯುತ್ತದೆ.

ಹಾಗಾದರೆ ಹಟ್ಟಿ ಎಲ್ಲಿ ಹಾಕಬೇಕು? ಒಂಟಿ ಮರದಿಂದ, ಅದು ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಿಗಿಂತಲೂ ಆಚೆ. ವಿದ್ಯುತ್ ಕಂಬ ಮತ್ತು ತಂತಿ ಬೇಲಿಗಳಿಂದಲೂ ದೂರ. ಮುಳ್ಳುತಂತಿಯ ಬೇಲಿಗೆ ಎಲ್ಲಿಯೋ ಬಡಿದ ಸಿಡಿಲು ತಂತಿಗುಂಟ ಬಹುದೂರ ಸಾಗಿ ಬರಬಲ್ಲದು. ತಗ್ಗು ನೆಲ ಒಳ್ಳೆಯದು, ಆದರೆ ಹಳ್ಳದ ಪಾತ್ರ ಬೇಡ. ಮೇಲೆಲ್ಲೋ ಸುರಿದ ಮಳೆ ಇಲ್ಲಿಗೆ ಪ್ರವಾಹವಾಗಿ ಬರಬಹುದು. ಹಿಂಡನ್ನು ಒಂದೇ ಗುಂಪಾಗಿ ನಿಲ್ಲಿಸದೆ, ಸಾಧ್ಯವಾದಷ್ಟು ಎರಡು ಮೂರು ಕಡೆ ಬಿಡಿಬಿಡಿಯಾಗಿ ತಡೆಯಬೇಕು. ಇದು ಕಷ್ಟವೆಂದು ನನಗೆ ಗೊತ್ತು. ಮಳೆಯಲ್ಲಿ ಕುರಿಗೆ ಕುರಿಯ ಆಸರೆ ಬೇಕು.

ಕುದುರೆಯನ್ನು ಮರಕ್ಕೂ ಬೇಲಿಗೂ ಕಬ್ಬಿಣದ ಕಂಬಕ್ಕೂ ಕಟ್ಟಬಾರದು. ಹಾಗೆಂದು ಪೂರ್ತಿ ಬಿಟ್ಟರೆ ಗುಡುಗಿಗೆ ಬೆದರಿ ತೆರೆದ ಬಾವಿಗೋ ಕಾಲುವೆಗೋ ಬೀಳಬಹುದು, ತಂತಿಗೆ ಸಿಕ್ಕಿ ಕಾಲು ಹರಿದುಕೊಳ್ಳಬಹುದು. ಬಯಲಿನ ತಗ್ಗಿನಲ್ಲಿ ಮರದ ಗೂಟ ಹೂಡಿ, ನಾರಿನ ಹಗ್ಗದಿಂದ ಕಟ್ಟುವುದು ಮಧ್ಯಮ ಮಾರ್ಗ. ಹೇರನ್ನು ಮೋಡ ಕಟ್ಟಿದಾಗಲೇ ಇಳಿಸಿಬಿಡಬೇಕು. ಮಳೆ ಬಂದ ಮೇಲೆ ಬೆದರಿದ ಕುದುರೆಯ ಬಳಿ ನಿಲ್ಲುವುದು ಬೇಡ. ಲಾಳದ ಕಬ್ಬಿಣ ಸಿಡಿಲನ್ನು ಸೆಳೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಲಾಳ ಕೀಳಿಸುವ ಅಗತ್ಯವಿಲ್ಲ.

ಮನುಷ್ಯನ ಜೀವವೇ ಮೊದಲು ಎಂಬ ಮಾತನ್ನು ಕುರಿಗಾಹಿಗೆ ಹೇಳಿದರೆ ಅವನು ತಲೆಯಾಡಿಸಿ, ಹಿಂಡಿನ ಬಳಿಯೇ ನಿಲ್ಲುತ್ತಾನೆ. ಅದು ಅಜ್ಞಾನವಲ್ಲ, ಅವನ ಆಸ್ತಿಯೆಲ್ಲ ಅಲ್ಲಿಯೇ ನಿಂತಿದೆ. ಆದ್ದರಿಂದ ಲೆಕ್ಕ ಕಲಿಯೋಣ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಮುಂದಿನದು ನಿಮ್ಮ ಮೇಲೆಯೇ ಬೀಳಬಹುದು. ಮಳೆ ಬಿದ್ದಿಲ್ಲವೆಂದು ನಂಬಿ ಕೂರಬೇಡಿ. ಗಟ್ಟಿ ಕಟ್ಟಡ ಅಥವಾ ಗಾಜು ಏರಿಸಿದ ವಾಹನಕ್ಕೆ ಸೇರಿ. ಕೊನೆಯ ಗುಡುಗು ಕೇಳಿದ ಮೇಲೆ ಮೂವತ್ತು ನಿಮಿಷ ಹೊರಗೆ ಬರಬೇಡಿ. ಗುಡಾರವು ಮಳೆಯನ್ನು ತಡೆದೀತು, ಸಿಡಿಲನ್ನಲ್ಲ. ಏನೂ ಸಿಗದಿದ್ದರೆ ದೋಟಿಯನ್ನು ಕೆಳಗಿಟ್ಟು, ಎರಡೂ ಪಾದ ಜೋಡಿಸಿ, ತಲೆ ಬಗ್ಗಿಸಿ ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳಿ, ಒಬ್ಬರಿಂದೊಬ್ಬರು ದೂರ, ಮಲಗಬೇಡಿ. ಇದು ರಕ್ಷಣೆಯಲ್ಲ, ಅಪಾಯವನ್ನು ತುಸು ತಗ್ಗಿಸುವುದಷ್ಟೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ "ಸಿಡಿಲು" ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ "ದಾಮಿನಿ" ಆ್ಯಪ್ ಎರಡೂ ಉಚಿತ. ಹಟ್ಟಿಯ ಯುವಕರ ಫೋನಿನಲ್ಲಿ ಇವನ್ನು ಹಾಕಿಕೊಡುವುದು ಪಶುಸಖಿಯರಿಗೆ ಐದು ನಿಮಿಷದ ಕೆಲಸ.

ಶಾಶ್ವತ ಕೊಟ್ಟಿಗೆ ಇರುವವರಿಗೆ ಒಂದು ಮಾತು. ಸಿಡಿಲು ನಿರೋಧಕ ಸರಳು ಹಾಕಿಸಿದರೆ ಸಾಲದು; ಅದರ ಜೀವ ಇರುವುದು ಭೂಸಂಪರ್ಕದ ಗುಂಡಿಯಲ್ಲಿ. ನಮ್ಮ ಎರೆ ಮಣ್ಣು ಹಸಿಯಾಗಿದ್ದಾಗ ಉತ್ತಮ ವಾಹಕ. ಬೇಸಿಗೆಯಲ್ಲಿ ಅದು ಕುಗ್ಗಿ ಬಿರುಕು ಬಿಟ್ಟಾಗ ಸರಳಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಮೊದಲ ಸಿಡಿಲು ಬರುವುದು ಸರಿಯಾಗಿ ಆಗಲೇ! ಚೈತ್ರದಲ್ಲಿ ಆ ಗುಂಡಿಗೆ ನೀರು ಹಾಕಿಸಿ, ಜೋಡಣೆ ಪರೀಕ್ಷಿಸಿಕೊಳ್ಳಿ.

ಸಿಡಿಲು ಬಡಿದ ಮನುಷ್ಯನನ್ನು ತಿಪ್ಪೆಯಲ್ಲಿ ಹೂಳಿದರೆ ಜೀವ ಬರುತ್ತದೆ ಎಂಬ ನಂಬಿಕೆ ಅಲ್ಲಲ್ಲಿ ಇನ್ನೂ ಉಳಿದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಿದರೆ ಅಪಾಯವಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆಯನ್ನು ಒತ್ತುತ್ತ, ಬಾಯಿಯಿಂದ ಉಸಿರು ಕೊಡುತ್ತ ಆಸ್ಪತ್ರೆಗೆ ಸಾಗಿಸಬೇಕು. ತಿಪ್ಪೆಯಲ್ಲಿ ಕಳೆಯುವ ಹತ್ತು ನಿಮಿಷವೇ ಅವನ ಆಯುಷ್ಯ. ಬದುಕುಳಿದ ಕುದುರೆಯು ತಲೆ ಓರೆ ಮಾಡಿದರೆ, ತೂರಾಡಿದರೆ, ತುಟಿ ಒಂದು ಕಡೆ ಜೋತರೆ ಅದು ನರಗಳಿಗೆ ಆದ ಪೆಟ್ಟು. 1962ಕ್ಕೆ ಕರೆ ಮಾಡಿ.

ಸತ್ತ ಪ್ರಾಣಿಯ ಚರ್ಮ ಸುಲಿಯುವುದಾಗಲಿ ಮಾಂಸ ಹಂಚಿಕೊಳ್ಳುವುದಾಗಲಿ ಕೂಡದು. ನೆರಡಿ ರೋಗದಲ್ಲಿಯೂ ಪ್ರಾಣಿ ಹಠಾತ್ತನೆ ಸಾಯುತ್ತದೆ, ಹೊಟ್ಟೆ ಉಬ್ಬುತ್ತದೆ. ಆ ರೋಗ ಮನುಷ್ಯರಿಗೂ ತಗಲುತ್ತದೆ. ವೈದ್ಯರು ರಕ್ತದ ಲೇಪನ ನೋಡುವವರೆಗೆ ಕಾಯಿರಿ. ಪಂಚನಾಮೆಗೆ ಮೊದಲೇ ಹೂತರೆ ಪರಿಹಾರವೂ ಕೈ ತಪ್ಪುತ್ತದೆ. 2022-23ರಿಂದ 2025-26ರ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರ ಮಾನದಂಡದಲ್ಲಿ ಕುರಿ, ಮೇಕೆಗೆ 4,000 ರೂಪಾಯಿ, ಕುಟುಂಬಕ್ಕೆ ಗರಿಷ್ಠ 30. ಕುದುರೆಗೆ 32,000, ಆದರೆ ತಟ್ಟುವಿಗೆ 20,000. ನನ್ನ ವೃತ್ತಿಬಾಂಧವರು ಪ್ರಮಾಣಪತ್ರದಲ್ಲಿ ಯಾವ ಪದ ಬರೆಯುತ್ತಾರೆ ಎಂಬುದರ ಮೇಲೆ ಒಂದು ಕುಟುಂಬದ 12,000 ರೂಪಾಯಿ ನಿಂತಿದೆ. ಪ್ರಾಣಿಯ ಎತ್ತರ ಅಳೆದು, ನೋಡಿ ಬರೆಯಬೇಕು. ಕುರಿಗಾಹಿಯದು ಎಂದ ಮಾತ್ರಕ್ಕೆ ತಟ್ಟು ಎಂದು ಬರೆಯಬಾರದು.

ಕೊನೆಯದಾಗಿ ಪಂಚಾಯಿತಿ ಪ್ರತಿನಿಧಿಗಳಲ್ಲಿ ಒಂದು ಬಿನ್ನಹ. ಬೇಸಿಗೆ ರಜೆಯಲ್ಲಿ ಶಾಲೆಗಳು ಮುಚ್ಚಿರುತ್ತವೆ. ಸಿಡಿಲಿನ ಕಾಲವೂ ಅದೇ. ನಿಮ್ಮ ಸೀಮೆಯಲ್ಲಿ ಹಿಂಡು ಇಳಿದ ದಿನವೇ ಅವರ ಫೋನ್ ಸಂಖ್ಯೆ ಬರೆದುಕೊಳ್ಳಿ. ಹತ್ತಿರದ ಶಾಲೆ ಅಥವಾ ಸಮುದಾಯ ಭವನವನ್ನು ತೋರಿಸಿ, ಪರ ಊರಿನವರೆಂದು ಹೊರಗೆ ನಿಲ್ಲಿಸದೆ, ಹೆಂಗಸರು ಮಕ್ಕಳನ್ನಾದರೂ ಮೋಡ ಕಟ್ಟಿದಾಗಲೇ ಒಳಗೆ ಕರೆದುಕೊಳ್ಳುವ ಏರ್ಪಾಡು ಮಾಡಿ. ಕಟ್ಟಡದ ಕೀಲಿ ಯಾರ ಬಳಿ ಇದೆ ಎಂಬುದು ಹಟ್ಟಿಯವರಿಗೆ ತಿಳಿದಿರಲಿ. ಊಟದ ನಂತರ ಪ್ರತಿ ಪಂಚಾಯಿತಿಯವರೂ ಅಂತಹ ಒಂದು ಕಟ್ಟಡ ಮತ್ತು ಕೀಲಿ ಇಟ್ಟುಕೊಂಡವರ ಹೆಸರನ್ನು ಹಿಂದಿನ ಮೇಜಿನ ಮೇಲಿರುವ ಹಾಳೆಯಲ್ಲಿ ಬರೆದು ಹೋಗಬೇಕಾಗಿ ವಿನಂತಿ.