ಅಗ್ಗದ ಕಂಪ್ಯೂಟರಿಗೂ ಒಳ್ಳೆಯ ಪ್ರೊಸೆಸರ್



ಸಾಮಾನ್ಯರ ಮನೆಗೆ ಕಂಪ್ಯೂಟರ್ ಬಂದದ್ದು ಹೇಗೆ ಎಂದು ಕೇಳಿದರೆ, ಬೆಲೆ ಇಳಿಯಿತು, ಬಂತು ಎಂದುಬಿಡುತ್ತೇವೆ. ಆದರೆ ಬೆಲೆ ತಾನಾಗಿ ಇಳಿಯುವುದಿಲ್ಲ. ಒಬ್ಬರು ಇಳಿಸಬೇಕು, ಉಳಿದವರಿಗೂ ಇಳಿಸದೆ ವಿಧಿಯಿಲ್ಲದಂತಾಗಬೇಕು. 1997ರಿಂದ 1999ರವರೆಗೆ ಅಮೆರಿಕದ ಪ್ರೊಸೆಸರ್ ತಯಾರಕರ ನಡುವೆ ನಡೆದದ್ದು ಅದೇ.

ಆಗ ಈ ಮಾರುಕಟ್ಟೆಯ ದೊರೆ ಇಂಟೆಲ್. ಅದರ ಪೆಂಟಿಯಂ ಇರುವ ಕಂಪ್ಯೂಟರೇ ಕಂಪ್ಯೂಟರು ಎಂಬ ನಂಬಿಕೆ ಬೇರೂರಿತ್ತು. 1997ರ ಫೆಬ್ರವರಿಯಲ್ಲಿ ಕಾಂಪ್ಯಾಕ್ ಕಂಪನಿ 999 ಡಾಲರಿಗೆ ಪ್ರೆಸಾರಿಯೊ 2100 ಎಂಬ ಕಂಪ್ಯೂಟರನ್ನು ಮಾರಾಟಕ್ಕಿಟ್ಟಿತು. ಅದರೊಳಗಿದ್ದದ್ದು ಟೆಕ್ಸಾಸಿನ ಸಿರಿಕ್ಸ್ ಎಂಬ ಸಣ್ಣ ಕಂಪನಿಯ ಮೀಡಿಯಾ ಜಿಎಕ್ಸ್ ಪ್ರೊಸೆಸರ್. ಪರದೆಯ ಮೇಲೆ ಚಿತ್ರ ಮೂಡಿಸುವ, ಮೆಮೊರಿಯನ್ನು ನಿಭಾಯಿಸುವ ಕೆಲಸಗಳಿಗೆ ಬೇರೆ ಬೇರೆ ಚಿಪ್‌ಗಳಿದ್ದ ಕಾಲದಲ್ಲಿ ಸಿರಿಕ್ಸ್ ಅವನ್ನೆಲ್ಲ ಪ್ರೊಸೆಸರಿನೊಳಗೇ ಸೇರಿಸಿತ್ತು. ಬಿಡಿಭಾಗ ಕಡಿಮೆಯಾದವು, ಬೆಲೆಯೂ ಇಳಿಯಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಎಎಂಡಿ ಕಂಪನಿಯ ಕೆ6 ಪ್ರೊಸೆಸರ್ ಬಂತು. ದೆಹಲಿಯಲ್ಲಿ ಎಂಜಿನಿಯರಿಂಗ್ ಓದಿ, ಇಂಟೆಲ್‌ನಲ್ಲಿ ಪೆಂಟಿಯಂ ಯೋಜನೆಯನ್ನು ಮುನ್ನಡೆಸಿದ್ದ ವಿನೋದ್ ಧಾಮ್ ಅವರು ಕೆ6ರ ಹಿಂದೆಯೂ ಇದ್ದರು ಎಂಬುದು ನಾವು ನೆನೆಯಬೇಕಾದ ಸಂಗತಿ. ಹಳೆಯ ಪೆಂಟಿಯಂ ಕೂರುತ್ತಿದ್ದ ಸಾಕೆಟ್‌ನಲ್ಲೇ ಕೆ6 ಕೂರುತ್ತಿತ್ತು. ಇಂಟೆಲ್‌ನ ಸರಿಸಮ ಪ್ರೊಸೆಸರಿಗಿಂತ ಕಾಲುಭಾಗ ಕಡಿಮೆಗೆ ಮಾರುವುದು ಎಎಂಡಿಯ ಧೋರಣೆ.

ಇಂಟೆಲ್ ಇಕ್ಕಟ್ಟಿಗೆ ಸಿಕ್ಕಿತು. ಅಗ್ಗದ ಪ್ರೊಸೆಸರ್ ಚೆನ್ನಾಗಿದ್ದರೆ ತನ್ನದೇ ದುಬಾರಿ ಪೆಂಟಿಯಂ 2ನ್ನು ಕೊಳ್ಳುವವರು ಕಡಿಮೆಯಾಗುತ್ತಾರೆ; ಚೆನ್ನಾಗಿಲ್ಲದಿದ್ದರೆ ಗಿರಾಕಿ ಎಎಂಡಿಯ ಕಡೆ ಹೋಗುತ್ತಾನೆ. 1998ರ ಏಪ್ರಿಲ್‌ನಲ್ಲಿ ಇಂಟೆಲ್ ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರನ್ನು ಬಿಡುಗಡೆ ಮಾಡಿತು; ಮೊದಲ ಸೆಲೆರಾನ್‌ನ ವೇಗ 266 ಮೆಗಾಹರ್ಟ್ಸ್. ಪೆಂಟಿಯಂ 2ರ ತಿರುಳೇ ಅದರದು. ಖರ್ಚು ಉಳಿಸಲು ಎರಡನೆಯ ಹಂತದ ಕ್ಯಾಶ್ ಮೆಮೊರಿಯನ್ನು ಮಾತ್ರ ಪೂರ್ತಿ ಕೈಬಿಟ್ಟಿದ್ದರು.

ಕ್ಯಾಶ್ ಎಂದರೆ ಒಲೆಯ ಪಕ್ಕದ ಒಗ್ಗರಣೆ ಡಬ್ಬಿ ಇದ್ದಂತೆ. ಅದಿಲ್ಲದಿದ್ದರೆ ಸಾಸಿವೆಗೊಮ್ಮೆ, ಜೀರಿಗೆಗೊಮ್ಮೆ ಉಗ್ರಾಣಕ್ಕೆ ಹೋಗಿಬರಬೇಕು. ಎಷ್ಟೇ ಚುರುಕಿನ ಕೈಯಾದರೂ ಅಡುಗೆ ತಡವಾಗುತ್ತದೆ. ಮುಖ್ಯ ಮೆಮೊರಿಯಿಂದ ಮಾಹಿತಿ ಬರುವವರೆಗೆ ಆ ಸೆಲೆರಾನ್ ಕಾಯುತ್ತ ಕೂರಬೇಕಾಗುತ್ತಿತ್ತು. ದಿನನಿತ್ಯದ ಕಚೇರಿ ಕೆಲಸದಲ್ಲಿ ಅದು ಹಿಂದೆ ಬಿತ್ತು, ವಿಮರ್ಶಕರು ತರಾಟೆಗೆ ತೆಗೆದುಕೊಂಡರು.

ಇಂಟೆಲ್ ಬೇಗ ಎಚ್ಚೆತ್ತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಸೆಲೆರಾನ್ 300ಎ ಪ್ರೊಸೆಸರಿನಲ್ಲಿ 128 ಕಿಲೋಬೈಟ್ ಕ್ಯಾಶ್ ಇತ್ತು, ಅದೂ ಅದೇ ಸಿಲಿಕಾನ್ ಬಿಲ್ಲೆಯ ಮೇಲೆ. ಟ್ರಾನ್ಸಿಸ್ಟರುಗಳ ಸಂಖ್ಯೆ 75 ಲಕ್ಷದಿಂದ 1 ಕೋಟಿ 90 ಲಕ್ಷಕ್ಕೆ ಏರಿತು. ಪೆಂಟಿಯಂ 2ರಲ್ಲಿ 512 ಕಿಲೋಬೈಟ್ ಕ್ಯಾಶ್ ಇದ್ದರೂ ಅದು ಬೇರೆ ಚಿಪ್‌ಗಳಲ್ಲಿದ್ದು, ಪ್ರೊಸೆಸರಿನ ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನ್‌ನದು ಚಿಕ್ಕದು, ಆದರೆ ಪೂರ್ಣ ವೇಗದ್ದು. ಅನೇಕ ಕೆಲಸಗಳಲ್ಲಿ ಅಗ್ಗದ ತಮ್ಮ ದುಬಾರಿ ಅಣ್ಣನಿಗೆ ಸರಿಸಮನಾದ. ಪ್ರೊಸೆಸರಿಗೆ ಮಾಹಿತಿ ಹೊತ್ತು ತರುವ ಮದರ್‌ಬೋರ್ಡಿನ ಬಸ್‌ನ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300ರ ಪ್ರೊಸೆಸರನ್ನು 450ರಲ್ಲಿ ಓಡಿಸಿದ ಹವ್ಯಾಸಿಗಳೂ ಬಹಳ.

ಮುಂದಿನ ವರ್ಷ ಇಂಟೆಲ್ ತನ್ನ ಪೆಂಟಿಯಂ 3ರಲ್ಲೂ ಕ್ಯಾಶನ್ನು ಬಿಲ್ಲೆಯ ಮೇಲೆಯೇ ತಂದಿತು. ಬಡವರ ಪ್ರೊಸೆಸರಿನಲ್ಲಿ ಮೊದಲು ಬಂದ ಸವಲತ್ತು ಸಿರಿವಂತರ ಪ್ರೊಸೆಸರಿಗೆ ಆಮೇಲೆ ಬಂತು. ಇವತ್ತಿನ ಪ್ರೊಸೆಸರುಗಳಲ್ಲಿ ಕ್ಯಾಶ್ ಒಳಗೇ ಇರುತ್ತದೆ. ಬಹುಪಾಲು ಮನೆಬಳಕೆಯ ಪ್ರೊಸೆಸರುಗಳಲ್ಲಿ, ಸಿರಿಕ್ಸ್ ಅಂದು ಮಾಡಿದಂತೆ, ಚಿತ್ರ ಮೂಡಿಸುವ ಭಾಗವೂ ಒಳಗೇ ಇರುತ್ತದೆ.

ಈ ಪೈಪೋಟಿಗೆ ಬೆಲೆ ತೆತ್ತವರೂ ಇದ್ದಾರೆ. ಚಿಪ್ ಕಾರ್ಖಾನೆಯೊಂದನ್ನು ಕಟ್ಟಲು ಆಗಲೇ ನೂರು ಕೋಟಿ ಡಾಲರಿಗೂ ಹೆಚ್ಚು ಬೇಕಾಗುತ್ತಿತ್ತು. ಲಾಭದ ಅಂಚು ತೆಳುವಾದ ವ್ಯಾಪಾರದಲ್ಲಿ ಅಷ್ಟು ಹಣ ಹುಟ್ಟುವುದು ಸುಲಭವಲ್ಲ. ಎಎಂಡಿ ಆ ವರ್ಷಗಳನ್ನು ನಷ್ಟದಲ್ಲೇ ದಾಟಿತು. ಸಿರಿಕ್ಸ್ 1997ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಪಾಲಾಗಿ, 1999ರಲ್ಲಿ ತೈವಾನಿನ ವಿಯಾ ಕಂಪನಿಗೆ ಮಾರಾಟವಾಯಿತು. ದಾರಿ ತೋರಿಸಿದವರಿಗೆ ದಾರಿಯ ಫಲ ಸಿಗಲಿಲ್ಲ.

ಫಲ ಸಿಕ್ಕಿದ್ದು ಕೊಳ್ಳುವವರಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರುಗಳು ಡಿಟಿಪಿ ಅಂಗಡಿಗಳಿಗೂ ಬ್ರೌಸಿಂಗ್ ಸೆಂಟರುಗಳಿಗೂ ಹೋದದ್ದು ಇಂಥ ಅಗ್ಗದ ಪ್ರೊಸೆಸರುಗಳ ಬಲದಿಂದಲೇ. ಕೊಳ್ಳುವವನಿಗೆ ಬೇಕಾದದ್ದನ್ನೇ ಕತ್ತರಿಸಿ ಬೆಲೆ ಇಳಿಸುವುದು ಒಂದು ದಾರಿ. ಜಾಣತನದಿಂದ ಕೂಡಿಸಿ ಇಳಿಸುವುದು ಇನ್ನೊಂದು. ತಯಾರಕರು ಎರಡನೆಯ ದಾರಿ ಹಿಡಿಯುವುದು ಎದುರಾಳಿ ಇದ್ದಾಗ ಮಾತ್ರ.

ಆದ್ದರಿಂದ ಮುಂದೆ ನೀವು ಕಡಿಮೆ ಬೆಲೆಯ ಕಂಪ್ಯೂಟರ್ ಕೊಳ್ಳುವಾಗ ಹೆಸರನ್ನೂ ಗಿಗಾಹರ್ಟ್ಸ್ ಅಂಕಿಯನ್ನೂ ನೋಡಿ ತೀರ್ಮಾನಿಸಬೇಡಿ. ಕ್ಯಾಶ್ ಎಷ್ಟಿದೆ, ಮೆಮೊರಿ ಎಷ್ಟಿದೆ, ಬೆಲೆ ಇಳಿಸಲು ಏನನ್ನು ಬಿಟ್ಟಿದ್ದಾರೆ ಎಂದು ಕೇಳಿ. ಎರಡು ಕಂಪನಿಗಳ ಪ್ರೊಸೆಸರುಗಳನ್ನು ಹೋಲಿಸಿ ನೋಡಿಯೇ ಕೊಳ್ಳಿ.